ಕರುಳಿನ ಸ್ಕ್ಯಾನ್‌ಗೆ ಎಷ್ಟು ಖರ್ಚು? ರೋಣದಿಂದ ಹೊರಟು ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರ ಫೋನಿಗೆ ತಿಂಗಳಿಗೊಂದಾದರೂ ‘ಫುಲ್ ಬಾಡಿ ಚೆಕಪ್’ ಜಾಹೀರಾತು ಬರುತ್ತದೆ. ಶುಗರ್, ಥೈರಾಯ್ಡ್, ಲಿವರ್ ಎಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಗೆ ಈಗೀಗ ‘ವರ್ಚುವಲ್ ಕೊಲೊನೊಸ್ಕೋಪಿ’ ಅನ್ನುವ ಹೆಸರೂ ಕಾಣಿಸುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಇದೆಯಾ ಅಂತ ಸಿಟಿ ಸ್ಕ್ಯಾನ್‌ನಿಂದ ನೋಡುವ ಪರೀಕ್ಷೆ ಅದು. ಉದ್ದನೆಯ ಪೈಪು ಒಳಗೆ ಹಾಕೋದಿಲ್ಲ, ಮಂಪರು ಇಲ್ಲ, ಮಲಗಿ ಏಳೋದು ಹದಿನೈದು ನಿಮಿಷ. ಊರಲ್ಲಿರುವ ಅಪ್ಪ ಅವ್ವನಿಗೆ ಒಂದು ಬುಕ್ ಮಾಡಿಬಿಡೋಣ ಅನ್ನಿಸೋದು ಸಹಜ.

ನಮ್ಮ ಮನೆಯಲ್ಲಿ ಆ ಮಾತು ಬರೋದಕ್ಕೆ ಕಾರಣ ಇತ್ತು. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಮಗ್ಗದ ಕೆಲಸ ಹಿಡಿದು ಗಜೇಂದ್ರಗಡಕ್ಕೆ ಹೋಗಿ ನೆಲೆಸಿದವರು. 54ನೇ ವಯಸ್ಸಿಗೆ ಸಂಡಾಸಿನಲ್ಲಿ ರಕ್ತ ಬೀಳೋಕೆ ಶುರುವಾಯಿತು. ಮೂಲವ್ಯಾಧಿ ಅಂದರು. ನಮ್ಮ ಕಡೆ ಯಾವ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದರೂ ಗೋಡೆಯ ಮೇಲೆ ‘ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ’ ಅನ್ನುವ ಬರಹ ಕಾಣುತ್ತದಲ್ಲ, ಅಂಥ ಎರಡು ಕಡೆ ತೋರಿಸಿದರು. ಒಂದು ವರ್ಷದ ಮೇಲೆ ಹೊಟ್ಟೆ ಉಬ್ಬಿ, ಕರುಳು ಕಟ್ಟಿಕೊಂಡು, ಹುಬ್ಬಳ್ಳಿಯಲ್ಲಿ ತುರ್ತಾಗಿ ಆಪರೇಷನ್ ಆಯಿತು. ಗಡ್ಡೆ ಅಷ್ಟೊತ್ತಿಗೆ ಲಿವರ್‌ಗೆ ಹರಡಿತ್ತು. ಎರಡು ವರ್ಷ ಇದ್ದರು.

ಅವರ ತಮ್ಮ, ನಮ್ಮ ಅಪ್ಪ, ರೋಣದಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ತಂಗಿ, ನಮ್ಮ ಅತ್ತೆ, ನರಗುಂದದಲ್ಲಿ. ಮೂರೂ ಗದಗ ಜಿಲ್ಲೆಯ ತಾಲ್ಲೂಕುಗಳೇ. ಇಬ್ಬರೂ ಐವತ್ತು ದಾಟಿದವರು. ಒಡಹುಟ್ಟಿದವರಿಗೆ ಅರವತ್ತರೊಳಗೆ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೂ ಅಪಾಯ ಹೆಚ್ಚು ಅಂತ ದೊಡ್ಡಪ್ಪನ ಡಾಕ್ಟರೇ ಹೇಳಿದ್ದರು. ತಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಪ್ಯಾಕೇಜಿನ ಲಿಂಕ್ ಹಾಕಿದ. ಅಪ್ಪ ಕೇಳಿದ್ದು ಒಂದೇ ಮಾತು: "ರೊಕ್ಕ ಎಷ್ಟಾಕ್ಕೈತಿ?"

ಉತ್ತರ ಹುಡುಕೋಕೆ ಕೂತಾಗ ಗೊತ್ತಾಗಿದ್ದು, ಲಿಂಕಿನಲ್ಲಿ ಬರೆದ ದರ ನಿಜವಾದ ಖರ್ಚಿನ ಒಂದು ತುಂಡು ಮಾತ್ರ.

ಸ್ಕ್ಯಾನ್ ಅಂದರೆ ಏನೇನು

ಮೊದಲು ಪರೀಕ್ಷೆಯ ಬಗ್ಗೆ ಎರಡು ಮಾತು. ಸಿಟಿ ಕೊಲೊನೊಗ್ರಫಿ ಅನ್ನೋದು ಇದರ ವೈದ್ಯಕೀಯ ಹೆಸರು. 1994ರಲ್ಲಿ ಅಮೆರಿಕದ ಡೇವಿಡ್ ವೈನಿಂಗ್ ಅನ್ನುವ ರೇಡಿಯಾಲಜಿಸ್ಟ್ ಇದನ್ನು ಮೊದಲು ತೋರಿಸಿದರು. ಕರುಳನ್ನು ಪೂರ್ತಿ ಖಾಲಿ ಮಾಡಿಸಿ, ಗುದದ್ವಾರದಲ್ಲಿ ಒಂದು ಸಣ್ಣ ನಳಿಕೆ ಇಟ್ಟು ಗಾಳಿ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಕರುಳು ಬಲೂನಿನಂತೆ ಹಿಗ್ಗಿದ ಮೇಲೆ ಅಂಗಾತ ಒಂದು ಸಲ, ಬೋರಲು ಒಂದು ಸಲ ಸ್ಕ್ಯಾನ್ ಮಾಡುತ್ತಾರೆ. ಆ ಚಿತ್ರಗಳನ್ನು ಸಾಫ್ಟ್‌ವೇರ್ ಜೋಡಿಸಿ, ಕರುಳಿನ ಒಳಗೆ ನಡೆದುಕೊಂಡು ಹೋದಂತೆ ತೋರಿಸುತ್ತದೆ. ಹುಡುಕೋದು ಪಾಲಿಪ್‌ಗಳನ್ನು, ಅಂದರೆ ಕರುಳಿನ ಗೋಡೆಯ ಮೇಲಿನ ಸಣ್ಣ ಗಂಟುಗಳನ್ನು. ಈ ಕ್ಯಾನ್ಸರ್ ಬಹುಪಾಲು ಅಂಥ ಗಂಟಿನಿಂದಲೇ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಗಂಟು ಇದ್ದಾಗಲೇ ತೆಗೆದರೆ ಕ್ಯಾನ್ಸರ್ ಆಗೋದೇ ತಪ್ಪುತ್ತದೆ.

ಪರೀಕ್ಷೆ ಕೆಟ್ಟದ್ದೇನಲ್ಲ. 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಸುಮಾರು 2,500 ಜನರಿಗೆ ಸ್ಕ್ಯಾನ್ ಮತ್ತು ಕೊಲೊನೊಸ್ಕೋಪಿ ಎರಡನ್ನೂ ಮಾಡಿ ಹೋಲಿಸಿದ್ದರು. 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟು ಇದ್ದವರಲ್ಲಿ 90% ಜನರನ್ನು ಸ್ಕ್ಯಾನ್ ಹಿಡಿದಿತ್ತು. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಜಾಹೀರಾತುಗಳು ಹೇಳೋದಿಲ್ಲ. ದೊಡ್ಡ ಗಂಟು ಇಲ್ಲದವರಲ್ಲಿ 86% ಜನರಿಗೆ ಮಾತ್ರ ಅದು ‘ಇಲ್ಲ’ ಅಂತ ಸರಿಯಾಗಿ ಹೇಳಿತ್ತು. ದೊಡ್ಡ ಗಂಟೇ ಇಲ್ಲದ 50 ಜನ ತುಂಬಿದ ಒಂದು ಬಸ್ ರೋಣದಿಂದ ಸ್ಕ್ಯಾನ್‌ಗೆ ಹೋಯಿತು ಅಂದುಕೊಳ್ಳಿ. ಆ ಲೆಕ್ಕದಲ್ಲಿ ಏಳು ಜನ ‘ಏನೋ ಕಾಣ್ತೈತಿ’ ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಆ ಏಳೂ ಜನ ಕೊಲೊನೊಸ್ಕೋಪಿಗೆ ಮತ್ತೆ ಹೋಗಬೇಕು.

ಇಲ್ಲಿಂದ ಎರಡನೇ ಬಿಲ್ ಶುರು. ಸ್ಕ್ಯಾನ್ ಗಂಟನ್ನು ತೋರಿಸುತ್ತದೆ, ತೆಗೆಯೋದಿಲ್ಲ. ಸಾಮಾನ್ಯವಾಗಿ 6 ಮಿಲಿಮೀಟರ್ ಮೇಲ್ಪಟ್ಟದ್ದು ಕಂಡರೆ ಕೊಲೊನೊಸ್ಕೋಪಿ ಮಾಡಿಸಿ ಅನ್ನುತ್ತಾರೆ. ಸ್ಕ್ಯಾನಿನ ದಿನವೇ ಅದೂ ಆಗುವ ವ್ಯವಸ್ಥೆ ಇಲ್ಲದಿದ್ದರೆ ಕರುಳು ಖಾಲಿ ಮಾಡುವ ಶಿಕ್ಷೆ ಎರಡನೇ ಸಲ. ಕೊಲೊನೊಸ್ಕೋಪಿಯಲ್ಲಾದರೆ ನೋಡಿದ ಕೈಯೇ ಗಂಟನ್ನು ಕತ್ತರಿಸಿ ಬಯಾಪ್ಸಿಗೆ ಕಳಿಸುತ್ತದೆ.

ಮೂರನೇ ಬಿಲ್ಲೂ ಇದೆ. ಸಿಟಿ ಇಡೀ ಹೊಟ್ಟೆಯನ್ನು ನೋಡುತ್ತದೆ. ಕಿಡ್ನಿ ಸ್ಟೋನ್, ಪಿತ್ತಕೋಶದ ಕಲ್ಲು, ಲಿವರ್‌ನಲ್ಲೊಂದು ಚುಕ್ಕೆ, ಹೀಗೆ ಏನಾದರೂ ಕಂಡರೆ ರಿಪೋರ್ಟಿನಲ್ಲಿ ಬರೆಯಲೇಬೇಕು. ಕೆಲವೊಮ್ಮೆ ಅದರಿಂದ ಜೀವ ಉಳಿಯುತ್ತದೆ. ಬಹಳ ಸಲ ಇನ್ನೊಂದು ಸ್ಕ್ಯಾನ್, ಇನ್ನೊಬ್ಬ ಡಾಕ್ಟರ್, ಕೊನೆಗೆ ‘ಏನೂ ಇಲ್ಲ ಹೋಗ್ರಿ’. ನಮ್ಮಪ್ಪನ ಭಾಷೆಯಲ್ಲಿ ಹೇಳೋದಾದರೆ, "ದವಾಖಾನಿಗೆ ಹೋದ್ರ ಇಲ್ಲದ್ದೊಂದು ಹುಡುಕಿ ಕೊಡ್ತಾರ." ಈ ವಿಷಯದಲ್ಲಿ ಅಪ್ಪನ ಅನುಮಾನಕ್ಕೆ ಅಂಕಿಅಂಶದ ಬೆಂಬಲ ಇದೆ ಅನ್ನೋದು ನನಗೂ ಹೊಸದು.

ಬಸ್ಸು, ಲಾಡ್ಜು, ಸಂಡಾಸು

ಯಾವ ಪ್ಯಾಕೇಜಿನಲ್ಲೂ ಬರೆಯದ ಖರ್ಚು ಈಗ ಬರುತ್ತದೆ. ಸ್ಕ್ಯಾನ್ ಆಗಲಿ ಕೊಲೊನೊಸ್ಕೋಪಿ ಆಗಲಿ, ಎರಡಕ್ಕೂ ಕರುಳು ಖಾಲಿ ಇರಬೇಕು. ಎರಡು ಮೂರು ದಿನ ಮುಂಚಿನಿಂದ ನಾರು ಮತ್ತು ಬೀಜ ಇರುವ ಊಟ ಬಿಡಬೇಕು. ನಮ್ಮ ಕಡೆಯ ತಾಟಿನಲ್ಲಿ ಅದರಾಚೆ ಏನಿದೆ ಹೇಳಿ! ಜೋಳದ ರೊಟ್ಟಿ ಬಂದ್, ಮಡಿಕಿಕಾಳು ಬಂದ್, ಮೆಂತ್ಯದ ಸೊಪ್ಪು, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಗುರೆಳ್ಳು ಎಲ್ಲ ಬಂದ್. ಉಳಿಯೋದು ಬಿಳಿ ಅನ್ನ, ಮಜ್ಜಿಗೆ. ಅಪ್ಪ ಎರಡನೇ ದಿನಕ್ಕೇ "ಇದು ಊಟ ಅಲ್ಲ, ವನವಾಸ" ಅಂದುಬಿಟ್ಟರು.

ಆಮೇಲೆ ಭೇದಿಯ ಪುಡಿ. ಲೀಟರುಗಟ್ಟಲೆ ನೀರಿನಲ್ಲಿ ಕಲಸಿ ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಕುಡಿಯಬೇಕು. ಬೆಳಗ್ಗೆ ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಪರೀಕ್ಷೆ ಅಂದರೆ ಐದು ಗಂಟೆಗೆ ಕುಡಿಯಬೇಕು. ರೋಣದಿಂದ ಗದಗಿನ ಮೇಲೆ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಹತ್ತಿರ, ಗಜೇಂದ್ರಗಡದಿಂದ ಇನ್ನೂ ದೂರ. ನರಗುಂದದವರು ನವಲಗುಂದದ ಮೇಲೆ ಹೋಗೋದರಿಂದ ಸ್ವಲ್ಪ ವಾಸಿ. ಭೇದಿ ಪುಡಿ ಕುಡಿದು ಆ ಬಸ್ಸಿನಲ್ಲಿ ಕೂರೋದನ್ನು ಕಲ್ಪಿಸಿಕೊಳ್ಳಿ. ಅಂದರೆ ಹಿಂದಿನ ರಾತ್ರಿಯೇ ಹುಬ್ಬಳ್ಳಿಗೆ ಹೋಗಿ, ಅಟ್ಯಾಚ್ಡ್ ಸಂಡಾಸು ಇರುವ ರೂಮು ಹಿಡಿಯಬೇಕು. ಮನೆಯ ಹಿತ್ತಲಲ್ಲಿ ಸಂಡಾಸು ಇರುವ ವಯಸ್ಸಾದವರಿಗೆ ರಾತ್ರಿ ಹತ್ತು ಸಲ ಎದ್ದು ಹೋಗೋದು ಬೇರೆಯೇ ಅಪಾಯ. ಬೆಂಗಳೂರಿನಲ್ಲಿ ಆಸ್ಪತ್ರೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ ಇರುವವರಿಗೆ ಈ ಖರ್ಚು ಕಾಣೋದೇ ಇಲ್ಲ.

ನಾವು ಕೊನೆಗೆ ಅಪ್ಪನಿಗೆ ಸ್ಕ್ಯಾನ್ ಬಿಟ್ಟು ನೇರವಾಗಿ ಕೊಲೊನೊಸ್ಕೋಪಿ ಮಾಡಿಸಿದೆವು. ಕಾರಣ ಮುಂದೆ ಹೇಳುತ್ತೇನೆ. ಆಸ್ಪತ್ರೆಯ ಬಿಲ್ಲಿನ ಹೊರಗೆ ಆದ ಖರ್ಚು ಇದು: ಪುಡಿ ಮತ್ತು ಔಷಧಿ 640, ಲಾಡ್ಜ್ 1,100, ಬಸ್ ಮತ್ತು ಆಟೊ 760, ಊಟ ತಿಂಡಿ 500. ಒಟ್ಟು 3,000 ರೂಪಾಯಿ. ಶಕ್ತಿ ಯೋಜನೆಯಿಂದ ಅವ್ವನ ಟಿಕೆಟ್ ಪುಕ್ಕಟೆ, ಇಲ್ಲದಿದ್ದರೆ ಇನ್ನಷ್ಟು. ಅಂಗಡಿ ಮೂರು ದಿನ ಬಂದ್. ಕೂಲಿ ಮಾಡುವವರಾದರೆ? 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ರೋಗಿ, ಜೊತೆಗೊಬ್ಬರು, ಮೂರು ದಿನ ಅಂದರೆ 2,220 ರೂಪಾಯಿ ಕೈತಪ್ಪಿತು. ಸ್ಕ್ಯಾನ್‌ನಲ್ಲಿ ಏನೋ ಕಂಡು ಮತ್ತೆ ಹೋಗಬೇಕಾದರೆ ಇದೆಲ್ಲ ಎರಡು ಪಟ್ಟು. ಅದೂ ಹೆಸರು ಬಿಡಿಸುವ ಹೊತ್ತಿಗೋ ಕಡಲಿ ರಾಶಿಯ ಹೊತ್ತಿಗೋ ಬಂದರೆ ಯಾರೂ ಹೋಗೋದಿಲ್ಲ. ಕೈಮಗ್ಗದವರಿಗಂತೂ ಮಗ್ಗ ನಿಂತ ದಿನ ದುಡ್ಡಿಲ್ಲ. ದೊಡ್ಡಪ್ಪ ಒಂದು ವರ್ಷ ಮುಂದಕ್ಕೆ ಹಾಕಿದ್ದರಲ್ಲಿ ಇದರ ಪಾಲೂ ಇತ್ತು.

ಸ್ಕ್ಯಾನಿನ ದರ ಎಷ್ಟು ಅಂತಲೂ ಕೇಳಿದೆ. ಬೆಂಗಳೂರಿನಲ್ಲಿ ಎರಡು ಕಡೆ, ಹುಬ್ಬಳ್ಳಿಯಲ್ಲಿ ಒಂದು ಕಡೆ ಫೋನ್ ಮಾಡಿದಾಗ ನನಗೆ ಹೇಳಿದ್ದು 8,000ದಿಂದ 14,000 ರೂಪಾಯಿ. ಸಿಟಿ ಯಂತ್ರ ಇದ್ದಲ್ಲೆಲ್ಲ ಇದು ಆಗೋದಿಲ್ಲ ಅನ್ನೋದು ನೆನಪಿರಲಿ. ಗಾಳಿ ತುಂಬುವ ಸಲಕರಣೆ, ಆ ಸಾಫ್ಟ್‌ವೇರ್, ಎಲ್ಲಕ್ಕಿಂತ ಹೆಚ್ಚಾಗಿ ಇಂಥ ಚಿತ್ರ ಓದಿ ರೂಢಿಯಿರುವ ರೇಡಿಯಾಲಜಿಸ್ಟ್ ಬೇಕು. ‘ತಿಂಗಳಿಗೆ ಎಷ್ಟು ಮಾಡ್ತೀರಿ?’ ಅಂತ ಕೇಳೋದು ದರ ಕೇಳುವಷ್ಟೇ ಮುಖ್ಯ.

ಯಾರು ಕೊಡುತ್ತಾರೆ?

ಚಿಕ್ಕ ಉತ್ತರ: ನಾವೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ದೊಡ್ಡಪ್ಪನ ಆಪರೇಷನ್ ಆಗಿದ್ದೂ ಆ ಕಾರ್ಡಿನಲ್ಲೇ. ಅದು ರೋಗ ಬಂದ ಮೇಲಿನ ಮಾತು. ಆರಾಮಿದ್ದವರು ಮುಂಜಾಗ್ರತೆಗೆ ಮಾಡಿಸುವ ಸ್ಕ್ಯಾನ್‌ಗಲ್ಲ. ನಮ್ಮ ಕಂಪನಿಗಳ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅವ್ವನ ಹೆಸರಿದ್ದರೂ ಸಾಮಾನ್ಯವಾಗಿ ಅದೇ ಕಥೆ. ಪಾಲಿಸಿಯ ಪಿಡಿಎಫ್ ತೆಗೆದು ‘ಎಕ್ಸ್‌ಕ್ಲೂಶನ್ ಕೋಡ್ 04’ ಹುಡುಕಿ ನೋಡಿ. ಬರೀ ತಪಾಸಣೆಗಾಗಿ ದಾಖಲಾದರೆ ಹಣ ಇಲ್ಲ ಅನ್ನುವ ವಾಕ್ಯ ಅದು. ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದವರಿಗೆ 80ಡಿ ಅಡಿಯಲ್ಲಿ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ಅಪ್ಪ ಅವ್ವನಿಗೆ ಮಾಡಿಸಿದ್ದಕ್ಕೂ. ಹೊಸ ಪದ್ಧತಿಗೆ ಹೋದವರಿಗೆ ಅದೂ ಇಲ್ಲ.

ಸರ್ಕಾರದ ಮೇಲೆ ಸಿಟ್ಟಾಗೋದು ಸುಲಭ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದು ಇಲ್ಲ. ಆದರೆ ಲೆಕ್ಕ ನೋಡಿದರೆ ನನಗೆ ಅದು ತಪ್ಪು ಅನ್ನಿಸೋದಿಲ್ಲ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಐದರ ಆಸುಪಾಸು ಜನರಿಗೆ ಈ ಕ್ಯಾನ್ಸರ್ ಬರುತ್ತದೆ, ಅಮೆರಿಕದಲ್ಲಿ ಅದರ ಐದು ಪಟ್ಟು. ರೋಗ ವಿರಳವಾದಷ್ಟೂ ಒಬ್ಬರನ್ನು ಹುಡುಕೋಕೆ ಹೆಚ್ಚು ಜನರನ್ನು ಸ್ಕ್ಯಾನ್ ಮಾಡಬೇಕು, ಸುಮ್ಮನೆ ಗಾಬರಿಯಾಗುವವರೂ ಹೆಚ್ಚು. ಅಮೆರಿಕದಲ್ಲೇ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ 2009ರಲ್ಲಿ ಈ ಸ್ಕ್ಯಾನ್‌ಗೆ ಹಣ ಕೊಡಲ್ಲ ಅಂದಿತ್ತು. ಮರುವರ್ಷ ಅಧ್ಯಕ್ಷ ಒಬಾಮಾ ತಮ್ಮ ತಪಾಸಣೆಯಲ್ಲಿ ಮಾಡಿಸಿಕೊಂಡಿದ್ದು ಇದನ್ನೇ, ಅದು ಬೇರೆ ಮಾತು. ಮೆಡಿಕೇರ್ ಒಪ್ಪಿಕೊಂಡಿದ್ದು 2025ರ ಜನವರಿಯಿಂದ.

ಅಗ್ಗದ ದಾರಿಯೂ ಒಂದಿದೆ, ಅದರ ಜಾಹೀರಾತು ಬರೋದಿಲ್ಲ. ಫಿಟ್ ಅನ್ನುವ ಮಲ ಪರೀಕ್ಷೆ. ಕಣ್ಣಿಗೆ ಕಾಣದ ಮನುಷ್ಯರ ರಕ್ತದ ಅಂಶ ಮಲದಲ್ಲಿದೆಯಾ ಅಂತ ನೋಡುತ್ತದೆ. ಮನೆಯಲ್ಲೇ ಸಣ್ಣ ಕಡ್ಡಿಯಿಂದ ಸ್ಯಾಂಪಲ್ ತೆಗೆದು ಬಾಟಲಿಗೆ ಹಾಕಿದರಾಯಿತು. ಪಥ್ಯ ಇಲ್ಲ, ಭೇದಿ ಇಲ್ಲ, ಲಾಡ್ಜ್ ಇಲ್ಲ. ಖರ್ಚು ಸಾವಿರಗಳಲ್ಲಲ್ಲ, ನೂರುಗಳಲ್ಲಿ. ಜಪಾನ್ 1992ರಿಂದ ಇದನ್ನೇ ದೇಶವ್ಯಾಪಿ ನಡೆಸುತ್ತಿದೆ. ಇಟಲಿಯ ಫ್ಲಾರೆನ್ಸ್ ಸುತ್ತ ನಡೆದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಬೇರೆಬೇರೆ ಪರೀಕ್ಷೆಗೆ ಕರೆದಾಗ, ಫಿಟ್‌ಗೆ ಬಂದವರು ಅರ್ಧದಷ್ಟು, ಸ್ಕ್ಯಾನ್‌ಗೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಕೊಲೊನೊಸ್ಕೋಪಿಗೆ 15% ಮಾತ್ರ. ಜನ ಮಾಡಿಸಿಕೊಳ್ಳದ ಪರೀಕ್ಷೆ ಎಷ್ಟು ನಿಖರವಾಗಿದ್ದರೇನು?

ಫಿಟ್‌ನದೂ ತೊಂದರೆ ಇದೆ. ವರ್ಷ ವರ್ಷ ಮಾಡಿಸಬೇಕು. ಕೊಲೊನೊಸ್ಕೋಪಿ ಸಹಜವಾಗಿದ್ದರೆ ಹತ್ತು ವರ್ಷಕ್ಕೊಮ್ಮೆ, ಸ್ಕ್ಯಾನ್ ಐದು ವರ್ಷಕ್ಕೊಮ್ಮೆ ಅನ್ನೋದು ಅಮೆರಿಕದ ಶಿಫಾರಸು. ಪಾಸಿಟಿವ್ ಬಂದರೆ ಫಿಟ್ ಮಾಡಿಸಿದವರಿಗೂ ಕೊಲೊನೊಸ್ಕೋಪಿ ತಪ್ಪಿದ್ದಲ್ಲ. ಬಿಸಿಲಿಗೆ ಸ್ಯಾಂಪಲ್ಲಿನ ರಕ್ತದ ಅಂಶ ಕೆಡುತ್ತದೆ, ಹಾಗಾಗಿ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಮರೆಯುವಂತಿಲ್ಲ. ಮಲದಲ್ಲಿ ರಕ್ತ ನೋಡುವ ಹಳೆಯ ಮಾದರಿಯ ಪರೀಕ್ಷೆಯೊಂದಿದೆ, ಅದಕ್ಕೆ ಪಥ್ಯ ಬೇಕು. ಲ್ಯಾಬ್‌ನವರು ಮಾಡೋದು ಎರಡರಲ್ಲಿ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಒಂದು ವಿಷಯ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಈ ಸ್ಕ್ರೀನಿಂಗ್ ಲೆಕ್ಕವೆಲ್ಲ ಏನೂ ತೊಂದರೆ ಇಲ್ಲದವರಿಗೆ. ರಕ್ತ ಬೀಳುತ್ತಿದ್ದರೆ, ಸಂಡಾಸಿನ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ರಕ್ತಹೀನತೆ ಬಂದಿದ್ದರೆ ಪ್ಯಾಕೇಜ್ ಹುಡುಕುತ್ತಾ ಕೂರಬೇಡಿ, ಎಂಬಿಬಿಎಸ್ ಓದಿದ ಡಾಕ್ಟರ ಹತ್ತಿರ ಹೋಗಿ. ಮೂಲವ್ಯಾಧಿ ಅಂತ ಹೇಳುವ ಮುಂಚೆ ಬೆರಳು ಹಾಕಿ ಪರೀಕ್ಷೆ ಮಾಡಿದರಾ ಅಂತ ಕೇಳಿ. ಗುದನಾಳದ ಕೆಳಭಾಗದ ಎಷ್ಟೋ ಗಡ್ಡೆಗಳು ಆ ಒಂದು ನಿಮಿಷದ ಪರೀಕ್ಷೆಯಲ್ಲೇ ಕೈಗೆ ಸಿಗುತ್ತವೆ. ಅದಕ್ಕೆ ಬೇಕಾಗುವುದು ಒಂದು ಗ್ಲೌಸ್.

ನಮ್ಮ ಮನೆಯಲ್ಲಿ ಆಗಿದ್ದು

ಅಪ್ಪನದು ಸಾಮಾನ್ಯ ಲೆಕ್ಕಕ್ಕೆ ಬರುವ ಕೇಸಲ್ಲ, ಅಣ್ಣನಿಗೆ ಬಂದಿತ್ತಲ್ಲ. ಇಂಥವರು 40ನೇ ವಯಸ್ಸಿನಿಂದ, ಅಥವಾ ರೋಗಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚಿನಿಂದ, ಯಾವುದು ಮೊದಲೋ ಆಗ ಕೊಲೊನೊಸ್ಕೋಪಿಯನ್ನೇ ಮಾಡಿಸಬೇಕು ಅಂತ ಸಲಹೆ ಇದೆ. ಗಂಟು ಸಿಗುವ ಸಾಧ್ಯತೆ ಹೆಚ್ಚಿದ್ದಾಗ, ಮೊದಲು ಸ್ಕ್ಯಾನ್‌ಗೆ ದುಡ್ಡು ಕೊಟ್ಟು ಆಮೇಲೆ ಅದಕ್ಕೂ ಕೊಡೋದರಲ್ಲಿ ಅರ್ಥ ಇಲ್ಲ. "ನನಗೇನಾಗೇತಿ, ಗಟ್ಟಿಮುಟ್ಟ ಅದೀನಿ" ಅನ್ನುತ್ತಲೇ ಬಂದರು. ಎರಡು ಸಣ್ಣ ಪಾಲಿಪ್ ಇದ್ದವು, ದೊಡ್ಡದು 7 ಮಿಲಿಮೀಟರ್. ಅಲ್ಲೇ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ. ಐದು ವರ್ಷ ಬಿಟ್ಟು ಮತ್ತೆ ಬರಬೇಕು ಅಂದಿದ್ದಾರೆ. ದೊಡ್ಡಪ್ಪನ ಮಗ, ನಮ್ಮಣ್ಣ, ಈಗ 34. ಅವನ ಫೋನಿನ ಕ್ಯಾಲೆಂಡರಿನಲ್ಲಿ 40ನೇ ಹುಟ್ಟುಹಬ್ಬಕ್ಕೆ ನಾನೇ ರಿಮೈಂಡರ್ ಹಾಕಿಕೊಟ್ಟೆ.

ನರಗುಂದದ ಅತ್ತೆಯದು ಬೇರೆ ಕಥೆ. ಹೃದಯದ ವಾಲ್ವ್ ಆಪರೇಷನ್ ಆಗಿ ರಕ್ತ ತೆಳುಮಾಡುವ ಗುಳಿಗಿ ತಗೊಳ್ಳುತ್ತಾರೆ. ಗುಳಿಗಿ ನಿಲ್ಲಿಸಿದರೆ ವಾಲ್ವ್‌ಗೆ ಅಪಾಯ, ನಿಲ್ಲಿಸದೆ ದೊಡ್ಡ ಗಂಟು ಕತ್ತರಿಸಿದರೆ ರಕ್ತಸ್ರಾವದ ಅಪಾಯ, ಮಂಪರಿನ ಚಿಂತೆ ಬೇರೆ. ಸ್ಕ್ಯಾನ್ ತನ್ನ ದುಡ್ಡಿಗೆ ನ್ಯಾಯ ಒದಗಿಸೋದು ಇಂಥ ಕಡೆ. ಕೊಲೊನೊಸ್ಕೋಪಿ ಅರ್ಧಕ್ಕೇ ನಿಂತವರಿಗೆ, ತೀರಾ ವಯಸ್ಸಾದವರಿಗೆ, ಅತ್ತೆಯಂಥವರಿಗೆ. ಏನೂ ಕಾಣದಿದ್ದರೆ ಗುಳಿಗಿ ಮುಟ್ಟುವ ಪ್ರಶ್ನೆಯೇ ಬರೋದಿಲ್ಲ. ಹೃದಯದ ಡಾಕ್ಟರೂ ಹೊಟ್ಟೆಯ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡು ಅವರಿಗೆ ಸಿಟಿ ಕೊಲೊನೊಗ್ರಫಿಯೇ ಸರಿ ಅಂದರು.

ದರ ಹೇಳಿದಾಗ ಅತ್ತೆ, "ಅಷ್ಟ ರೊಕ್ಕದಾಗ ಒಂದು ಆಕಳ ಬರತೈತಲ್ಲೋ" ಅಂದರು. ಇಷ್ಟು ದುಡ್ಡಿಗೆ ಆಕಳು ಬರೋದಿಲ್ಲ ಅಂತ ಮಾಮಾ ತಿದ್ದಿದರು. ಕಡಲಿ ರಾಶಿ ಮುಗಿದ ಮೇಲಿನ ಸೋಮವಾರ ಅಂತ ದಿನ ಗೊತ್ತಾಗಿದೆ. ಸ್ಕ್ಯಾನ್ ಸೆಂಟರಿನಿಂದ ಎರಡು ನಿಮಿಷದ ದೂರದಲ್ಲಿ, ನೆಲಮಹಡಿಯಲ್ಲಿ, ಅಟ್ಯಾಚ್ಡ್ ಸಂಡಾಸು ಇರುವ ರೂಮು ನೋಡಿ ಮುಂಗಡ ಕೊಟ್ಟಿದ್ದೇನೆ. ಏನಾದರೂ ಕಂಡರೆ ಅದೇ ದಿನ ಮೇಲಿನ ಡಾಕ್ಟರಿಗೆ ತೋರಿಸಲು ಸಮಯ ಸಿಗುತ್ತದಾ ಅಂತ ಕೇಳಿದ್ದೆ, ಮಧ್ಯಾಹ್ನ ಎರಡಕ್ಕೆ ಬನ್ನಿ ಅಂದಿದ್ದಾರೆ.